ಮಾಲೀಶ್ ಅಂತೆ, ಮಾಲೀಶ್!

ನಿನ್ನೆ ಡೊಂಬಿವಲಿಯಲ್ಲಿ ಒಂದು ಸೀಮಂತ. ಊಟದ ಪಂಕ್ತಿಯಲ್ಲಿ ಪಕ್ಕದ ಆಂಟಿ ನನ್ನನ್ನು ತಮ್ಮ ಬೀಗಿತ್ತಿಗೆ ಪರಿಚಯಿಸಿದರು: "ಇವಳು ಆಸ್ಪತ್ರೆಯಲ್ಲಿ ಮಾಲೀಶ್ ಮಾಡ್ತಾಳೆ ಕಣ್ರೀ." ಹೋಳಿಗೆ ಗಂಟಲಲ್ಲೇ ನಿಂತಿತು. ನಾನು ಫಿಸಿಯೋಥೆರಪಿಸ್ಟ್! ಐದು ನಿಮಿಷಕ್ಕೆ ಅದೇ ಆಂಟಿ, "ತೋಳು ಎತ್ತಕ್ಕೇ ಆಗ್ತಿಲ್ಲ, ಸ್ವಲ್ಪ ನೋಡೇ" ಅಂದರು. ನೋಡಿದೆ. ಫ್ರೋಜನ್ ಶೋಲ್ಡರ್ ಥರ ಇತ್ತು. ಶುಗರ್ ಇರುವವರಿಗೆ ಇದು ಜಾಸ್ತಿ. ಕೀಲಿನ ಸುತ್ತಲಿನ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ನೋವು ಜೋರಾಗಿರುವಾಗ ಬಲವಂತವಾಗಿ ಎಳೆದರೆ ಇನ್ನೂ ಕೆರಳುತ್ತದೆ. ಆಂಟಿ ಯಾರ ಕೈಯಲ್ಲೋ ಹಾಗೇ ಎಳೆಸಿಕೊಂಡು ಬಂದಿದ್ದರು! ಅವನಿಗೆ ದುಡ್ಡು ಕೊಟ್ಟಿದ್ದರು, ನನಗೆ ಮಾತ್ರ ಪುಕ್ಕಟೆ.

ಮಾಲೀಶ್ ಕೀಳು ಕೆಲಸ ಅಂತಲ್ಲ. ಬಾಣಂತಿಗೆ ಎಣ್ಣೆ ತಿಕ್ಕುವವರ ಕೈಗೆ ನಾನೇ ನಮಸ್ಕಾರ ಮಾಡಿದ್ದೇನೆ. ಆದರೆ ನಾನು ಓದಿದ್ದು ಅದಲ್ಲ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ನಾಲ್ಕು ವರ್ಷ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್, ಆಮೇಲೆ ಅದರಲ್ಲೇ ಸ್ನಾತಕೋತ್ತರ ಪದವಿ ಎಂಪಿಟಿ ಎರಡು ವರ್ಷ. ಹೆಣದ ಮುಂದೆ ನಿಂತು ನರ, ಸ್ನಾಯು ಗುರುತಿಸಿದ್ದೇವೆ. ಐಸಿಯುನಲ್ಲಿ ಎದೆಯ ಕಫ ಸಡಿಲಿಸುವುದು, ಲಕ್ವ ಹೊಡೆದವರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು, ಮಂಡಿ ಬದಲಿಸಿದವರನ್ನು ಮರುದಿನವೇ ವಾಕರ್ ಹಿಡಿಸಿ ನಡೆಸುವುದು, ಎಲ್ಲಾ ನಮ್ಮ ಪಾಲಿಗೆ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ 1953ರಲ್ಲಿ ಶುರುವಾಗಿದ್ದು ಇದೇ ಮುಂಬೈಯ ಪರೇಲಿನಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ. ಇಷ್ಟು ವರ್ಷವಾದರೂ ನಾವಿನ್ನೂ ಮಾಲೀಶ್‌ನವರೇ.

ನಿಜ ಹೇಳಲಾ? ಎಂಬಿಬಿಎಸ್ ಸಿಗಲಿಲ್ಲ ಅಂತ ಅಳುತ್ತಾ ಸೇರಿದವಳು ನಾನು. ಅದಕ್ಕೇ ಈ ಮಾತು ಇಷ್ಟು ಚುಚ್ಚುತ್ತದೋ ಏನೋ.

"ನಮ್ಮ ಫಿಸಿಯೋ ಮಷೀನ್ ಹಚ್ಚಿ ಮೊಬೈಲ್ ನೋಡ್ತಾ ಕೂರ್ತಾನೆ" ಅನ್ನುತ್ತೀರಿ. ಇದ್ದಾರೆ ಅಂಥವರು. ಅವರನ್ನೇ ಬಯ್ಯಿರಿ, ಬದಲಾಯಿಸಿ. ಅದು ಬಿಟ್ಟು, ರೀಲ್ಸ್‌ನಲ್ಲಿ ಕತ್ತು ತಿರುಚಿ ಲಟಕ್ ಅನ್ನಿಸುವವನ ಹತ್ತಿರ ಓಡುವುದಾ? ಅಪರೂಪಕ್ಕೆ ಕತ್ತಿನ ರಕ್ತನಾಳವೇ ಹರಿದು ಸ್ಟ್ರೋಕ್ ಆಗುತ್ತದೆ, ಗೊತ್ತಾ? ಅವನು ಎಲ್ಲಿ ಓದಿದ ಅಂತ ಯಾರೂ ಕೇಳಲ್ಲ. ಲೈಕ್ ಇದೆಯಲ್ಲ, ಸಾಕು.

ಮಹಾರಾಷ್ಟ್ರದಲ್ಲಿ ನಮಗೂ ರಾಜ್ಯದ ಕೌನ್ಸಿಲ್ ಇದೆ, ಅಲ್ಲಿ ಹೆಸರು ನೋಂದಾಯಿಸಬೇಕು. 2021ರಲ್ಲಿ ಕೇಂದ್ರದ ಕಾನೂನೂ ಬಂತು. ಮನೆಗೆ ಬರುವ ಫಿಸಿಯೋನ ರಿಜಿಸ್ಟ್ರೇಷನ್ ನಂಬರ್ ಕೇಳಿ, ನಾಚಿಕೆ ಬೇಡ. ನನ್ನದನ್ನೂ ಕೇಳಿ. ಯಾರಾದರೂ ಕೇಳಿಯಾರು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೇ ಓಡಾಡುತ್ತಿದ್ದೇನೆ ಮಾರಾಯ್ರೇ.