ಬಿರುಕು ಬರೆಯುವವನು

ಅಣ್ಣನ ಮಗನ ಮದುವೆ ಗೊತ್ತಾಯಿತು. ವಿಜಯಪುರದಲ್ಲಿ ಈಗ ಪ್ರಿ-ವೆಡ್ಡಿಂಗ್ ಶೂಟಿಂಗ್ ಆಗದ ಹೊರತು ಅಕ್ಕಿಕಾಳು ಬೀಳುವುದಿಲ್ಲ. ಹುಡುಗ-ಹುಡುಗಿ ರಾತ್ರೋರಾತ್ರಿ ಬೆಂಗಳೂರಿನ ಕಡೆ ಹೊರಟರು. ಅಲ್ಲಿ ಅರಮನೆಯ ಸೆಟ್ಟು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದಂತೆ: ಪ್ಲೈವುಡ್ಡು, ಮೇಲೆ ಪ್ಲಾಸ್ಟರು, ಸಾಲಾಗಿ ಕಮಾನು. ನಿಂಬೆಗೆ ಹೆಸರಾದ ನಮ್ಮ ಇಂಡಿ ತಾಲೂಕಿನವರು ನಿಂಬೆಹಣ್ಣು ಹುಡುಕಿಕೊಂಡು ಬೆಂಗಳೂರಿಗೆ ಹೋದಂಗಾಯ್ತು.

“ಬಾರಾ ಕಮಾನ್ ಐತಲ್ಲೋ ತಮ್ಮಾ, ಸೈಕಲ್ ಮ್ಯಾಲ ಹೋದ್ರ ಹತ್ತು ಮಿನಿಟು” ಅಂದೆ.

“ಅಲ್ಲಿ ಪರ್ಮಿಷನ್ ಬೇಕು ಕಾಕಾ. ಮ್ಯಾಲ ಅದು ಅರ್ಧಕ್ಕ ನಿಂತೈತಿ, ಫ್ರೇಮಿನ್ಯಾಗ ಛಲೋ ಕಾಣಂಗಿಲ್ಲ.”

ಬಾರಾ ಕಮಾನ್ ಅಂದರೆ ಇಲ್ಲಿಯ ಸುಲ್ತಾನ ಎರಡನೇ ಅಲಿ ಆದಿಲ್‌ಶಾಹನ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತಿತು. ಮುಂದೆ ಕ್ಯಾಮೆರಾ ಬರುತ್ತದೆಂದು ಪಾಪ ಅವನಿಗೆ ಯಾರೂ ಹೇಳಿರಲಿಲ್ಲ.

ಪರ್ಮಿಷನ್ ಮಾತು ಮಾತ್ರ ಖರೇ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ನೊಳಗೆ ಹೊಸ ಗೋಡೆ ಎತ್ತುವಂತಿಲ್ಲ. ನಾಯಕರ ಹುಟ್ಟುಹಬ್ಬಕ್ಕೆ ಬಿದಿರು ಕಟ್ಟಿ ಫ್ಲೆಕ್ಸ್ ಸುತ್ತಿದ ಸ್ವಾಗತ ಕಮಾನು ಗೋಡೆಯಲ್ಲವಲ್ಲ, ಅದು ಎಲ್ಲಿ ಬೇಕಾದರೂ ಏಳುತ್ತದೆ. ಅಸಲಿ ಕಮಾನು ಅದರ ಸಂದಿಯಿಂದ ಇಣುಕಿದರೆ ಪುಣ್ಯ.

ಸ್ಟುಡಿಯೋದ ಕಮಾನು ಹೊಚ್ಚ ಹೊಸದು. ಹೊಸದಂತೆ ಕಂಡರೆ ರಾಜಕಳೆ ಎಲ್ಲಿಂದ ಬರಬೇಕು? ಪೇಂಟರ್ ಒಬ್ಬ ಸ್ಟೂಲ್ ಹತ್ತಿ, ಸಣ್ಣ ಬ್ರಷ್ಷಿನಿಂದ ಬಿರುಕು ಬರೆಯುತ್ತಿದ್ದ. ಬುಡಕ್ಕೆ ಹಸಿರು ಬಣ್ಣದ ಪಾಚಿ. ಮೊಬೈಲಿನಲ್ಲಿ ಹುಡುಗ ಹೆಮ್ಮೆಯಿಂದ ತೋರಿಸಿದ. ನಮ್ಮಲ್ಲಿ ಬಿರುಕು, ಪಾಚಿ ಎರಡೂ ಪುಕ್ಕಟೆ.

ಮದುವೆ ನಡೆದ ಮಂಗಲ ಕಾರ್ಯಾಲಯ ಮೊದಲು ಟಾಕೀಜು. ಸಾಲಿ ತಪ್ಪಿಸಿ ನಾನು ಮಾರ್ನಿಂಗ್ ಶೋ ನೋಡಿದ ಬಾಲ್ಕನಿಯಲ್ಲಿ ಈಗ ಊಟದ ಪಂಕ್ತಿ. ಪ್ರೊಜೆಕ್ಟರಿನ ಕಿಂಡಿ ಮಾತ್ರ ಹಾಗೇ ಉಳಿದಿದೆ, ಅಡಿಗೆಯವರು ಅದರೊಳಗಿಂದ ಮುಖ ಹಾಕಿ “ಇನ್ನ ಎಷ್ಟ ಎಲಿ ಅದಾವ್ರಿ?” ಎಂದು ಕೂಗುತ್ತಾರೆ. ಮುಂಬಾಗಿಲ ಮೇಲೆ ಫೈಬರ್ ಗುಮ್ಮಟ.

ಪರದೆ ಇದ್ದ ಜಾಗದಲ್ಲಿ ವಿಡಿಯೋ ಶುರುವಾಯಿತು. “ಇದು ರಾಜಸ್ಥಾನೇನ್ರೀ?” ಎಂದರು ಬೀಗತಿ.

ಊರ ಅಂಚಿಗೆ ಗೋಳಗುಮ್ಮಟ ಇದೆ. 1656ರದ್ದು, 44 ಮೀಟರ್ ಅಗಲದ ಗುಮ್ಮಟಕ್ಕೆ ನಡುಗಂಬವೇ ಇಲ್ಲ. ಒಂದು ಚಪ್ಪಾಳೆ ಹೊಡೆದರೆ ಏಳಾಗಿ ವಾಪಸ್ ಕೊಡುತ್ತದೆ, ಕರೆಂಟ್ ಬೇಡ. ಇಲ್ಲಿ ಡಿಜೆ ಹುಡುಗ ಎಕೋ ಗುಂಡಿ ತಿರುವಿ ವರನ ಹೆಸರು ಕೂಗಿದ. ಹೆಸರು ಗೋಡೆಯಿಂದ ಗೋಡೆಗೆ ಹಾರಾಡಿತು.

ಬೀಗತಿ ನನ್ನ ಕಡೆ ಬಾಗಿ, ಕಣ್ಣರಳಿಸಿ ಅಂದರು: “ಖರೇ ಗೋಳಗುಮ್ಮಟದಾಗ ಕುಂತಂಗ ಆತು ನೋಡ್ರಿ. ನೀವೂ ಒಮ್ಮೆ ಹೋಗಿ ಬರ್ರೆಲಾ!”