ಅಸಲಿ ಹೆಬ್ಬೆಟ್ಟು ಫೇಲು, ನಕಲಿ ಪಾಸು

ಅಂಗನವಾಡಿಯ ಪೊಟ್ಟಣಕ್ಕೂ ಮುಖ ತೋರಿಸುವ ಕಾಲ ಬಂತು. 2025ರ ಜುಲೈ 1ರಿಂದ ಬಸುರಿ, ಬಾಣಂತಿಯರು ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ಮುಖ ನೋಡಿ ಒಪ್ಪಬೇಕು. ಹತ್ತು ಮನೆ ಆಚೆ ಇರುವ ಕಾರ್ಯಕರ್ತೆಗೆ ಬಸುರಿಯ ಮದುವೆಯಿಂದ ಎರಡನೇ ಬಸುರಿನವರೆಗೆ ಎಲ್ಲವೂ ಗೊತ್ತು. ಏನು ಪ್ರಯೋಜನ, ಆ್ಯಪ್‌ಗೆ ಗೊತ್ತಿಲ್ಲವಲ್ಲ.

"ಸ್ವಲ್ಪ ಬೆಳಕಿಗೆ ಬಾಮ್ಮ. ಸೆರಗು ಸರಿಸು. ಕಣ್ಣು ಮಿಟುಕಿಸು."

"ಮಿಟುಕಿಸ್ದೆ ಟೀಚರ್."

"ಜೋರಾಗಿ ಮಿಟುಕಿಸು. ಊಹೂಂ, ಮ್ಯಾಚ್ ಆಗ್ತಿಲ್ಲ."

ಎಲ್ಲಿಂದ ಮ್ಯಾಚ್ ಆಗಬೇಕು? ಆಧಾರ್ ಫೋಟೊ ತೆಗೆದಾಗ ಅವಳು ಎರಡು ಜಡೆಯ ಹುಡುಗಿ. ಈಗ ಏಳು ತಿಂಗಳು, ಮುಖ ಊದಿದೆ. ಮುಖ ಒಪ್ಪಿದರೂ ಒಟಿಪಿ ಬೇಕು. ಒಟಿಪಿ ಬರುವ ಮೊಬೈಲು ಗಂಡನ ಜೇಬಿನಲ್ಲಿ, ಗಂಡ ಗಾರೆ ಕೆಲಸಕ್ಕೆ ಬೆಂಗಳೂರಿನಲ್ಲಿ. ಹೊಟ್ಟೆಯೊಳಗಿನ ಕೂಸಿಗೆ ಸದ್ಯ ಕೆವೈಸಿ ಕೇಳಿಲ್ಲ. ಸರ್ಕಾರದ ದೊಡ್ಡ ಮನಸ್ಸು.

ಬಯೋಮೆಟ್ರಿಕ್ ಎಂದರೇನು ಎಂದು 2016ರ ಆಧಾರ್ ಕಾಯ್ದೆ ಬಹಳ ನೀಟಾಗಿ ಹೇಳಿದೆ. ಫೋಟೊ, ಬೆರಳಚ್ಚು, ಕಣ್ಣಿನ ಪಾಪೆ, ಜೊತೆಗೆ ಮುಂದೆ ನಿಯಮದಲ್ಲಿ ಸೇರಿಸಬಹುದಾದ ಇತರ ಜೈವಿಕ ಲಕ್ಷಣಗಳು. ಈ 'ಇತರ' ನನಗೆ ತುಂಬಾ ಹಿಡಿಸಿತು. ಗೊರಕೆ ಸೇರಬಹುದು, ಆಕಳಿಕೆ ಸೇರಬಹುದು. ನ್ಯಾಯಬೆಲೆ ಅಂಗಡಿಗೆ ಹೇಳಿ ಮಾಡಿಸಿದಂಥ ಜೈವಿಕ ಲಕ್ಷಣವೆಂದರೆ ಖಾಲಿ ಹೊಟ್ಟೆಯ ಗುರುಗುರು. ಅದನ್ನು ಅಳೆಯುವ ಯಂತ್ರಕ್ಕೆ ಮಾತ್ರ ಯಾರೂ ಟೆಂಡರ್ ಕರೆದಂತಿಲ್ಲ. ಅಂಗಡಿ ಮುಂದೆ ನಿಂತವರನ್ನು ಕೇಳಿದರೆ ಕಾಯ್ದೆಯಷ್ಟು ಉದ್ದ ಎಳೆಯುವುದಿಲ್ಲ. "ಬಯೋಮೆಟ್ರಿಕ್ಕಾ? ಅದೇ, ತಂಬ್ ಕೊಡೋದು." ಇವರು ಕೊಡುತ್ತಾರೆ, ಅದು ತಗೊಳ್ಳುವುದಿಲ್ಲ.

ಹೆಬ್ಬೆಟ್ಟಿನ ಭಾಗ್ಯ ತಿರುಗಿದ್ದನ್ನು ನೋಡಿ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದವರು ಲಾಟೀನು ಹಿಡಿದು ಮನೆಮನೆಗೆ ಬಂದು, ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು, ಸಹಿ ಕಲಿಯಿರಿ ಎಂದು ಅಜ್ಜಿಯರ ಬೆನ್ನುಬಿದ್ದರು. ಅಜ್ಜಿಯರು ಸೊಟ್ಟಸೊಟ್ಟಗೆ ಕಲಿತೂಬಿಟ್ಟರು. ಈಗ ಎಂ.ಟೆಕ್ ಮಾಡಿದವನೂ ಆಫೀಸಿನ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಾನೆ. ಈ ಚಟ ಅಂಟಿಸಿದವನು ವಿಲಿಯಂ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ, ರಸ್ತೆಗೆ ಸಾಮಾನು ಒದಗಿಸಲು ಒಪ್ಪಿದ ರಾಜ್ಯಧರ್ ಕೊನಾಯ್ ಎಂಬವರ ಇಡೀ ಅಂಗೈಗೆ ಮಸಿ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿಕೊಂಡ. ವಿಜ್ಞಾನವೇನಲ್ಲ, ನಾಳೆ ಆತ ಮಾತು ತಪ್ಪದಿರಲೆಂದು ಹೆದರಿಸಿದ್ದು ಅಷ್ಟೆ. ಆಮೇಲೆ ಕಲ್ಕತ್ತೆಯಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರು ಕೂತು ಬೆರಳಚ್ಚು ವಿಂಗಡಿಸುವ ಲೆಕ್ಕ ಕಟ್ಟಿದರು. ಪದ್ಧತಿಗೆ ಹೆಸರು ಬಿದ್ದದ್ದು ಸಾಹೇಬ ಎಡ್ವರ್ಡ್ ಹೆನ್ರಿಯದು. ಯಾರ ಬೆರಳು ಯಾರದೆಂದು ಪತ್ತೆ ಹಚ್ಚುವ ವಿದ್ಯೆಯಲ್ಲೇ ಯಾರ ಕೆಲಸ ಯಾರದೆಂದು ಪತ್ತೆಯಾಗಲಿಲ್ಲ.

ಇರಲಿ. 2018ರಲ್ಲಿ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಧೈರ್ಯ ಹೇಳಿದ್ದು ನೆನಪಿರಬಹುದು. ಆಧಾರ್ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆಯಂತೆ. ಪಾಪ, ಕಳ್ಳರು ಗೋಡೆಯ ತಂಟೆಗೇ ಹೋಗಲಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಸೈಟು, ಮನೆ ರಿಜಿಸ್ಟರ್ ಮಾಡಿಸಿದವರ ಖಾತೆಯಿಂದ ಹತ್ತತ್ತು ಸಾವಿರ ಮಾಯವಾಯಿತಲ್ಲ, ಆ ಹೆಬ್ಬೆಟ್ಟುಗಳು ಸಿಕ್ಕಿದ್ದು ಕ್ರಯಪತ್ರದ ಪುಟಗಳಲ್ಲೇ. ಅದರಿಂದ ನಕಲಿ ಬೆರಳು ಮಾಡಿ, ಆಧಾರ್ ಬೆರಳಚ್ಚಿಗೆ ಬ್ಯಾಂಕ್ ಖಾತೆಯ ದುಡ್ಡು ಕೊಡುವ ಎಇಪಿಎಸ್ ಯಂತ್ರಕ್ಕೆ ಒತ್ತಿದರು, ದುಡ್ಡು ಬಂತು. ಒಟಿಪಿ ಕೇಳಲಿಲ್ಲ, ಕಣ್ಣು ಮಿಟುಕಿಸು ಎನ್ನಲಿಲ್ಲ. ಅಡಿಕೆ ಸುಲಿದು, ಬೀಡಿ ಕಟ್ಟಿ ಗೆರೆ ಸವೆದ ಬೆರಳನ್ನು ಒರೆಸಿ ಒರೆಸಿ ಇಟ್ಟರೂ ಕೆಂಪು ದೀಪ. ಕಳ್ಳನ ಅಂಟಿನ ಬೆರಳಿಗೆ ಹಸಿರು. ಹಣ ಕಳೆದುಕೊಂಡವರಿಗೆ ಸಿಕ್ಕ ಉಪದೇಶ: ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಅಂದರೆ ನಮ್ಮ ಬೆರಳಿಗೆ ನಾವೇ ಬೀಗ ಹಾಕಿಕೊಳ್ಳಬೇಕು. ಪಾಸ್‌ವರ್ಡ್ ಕದ್ದರೆ ಹೊಸದು ಇಟ್ಟುಕೊಳ್ಳಬಹುದು, ಬೆರಳಚ್ಚು ಕದ್ದರೆ ದೇವರು ಕೊಟ್ಟ ಸ್ಟಾಕು ಹತ್ತೇ.

ನಮ್ಮ ಶಾಸಕರ ಹಾಜರಿಯ ಚಿಂತೆಯೂ ನಡೆದಿದೆ. ಅವರು ಮಧ್ಯಾಹ್ನ ಊಟ ಮಾಡಿ ಸದನಕ್ಕೆ ವಾಪಸ್ ಬರಲೆಂದು 2025ರ ಬಜೆಟ್ ಅಧಿವೇಶನಕ್ಕೆ ಒರಗು ಕುರ್ಚಿ ಬಾಡಿಗೆಗೆ ತರಿಸುವ ಮಾತಾಯಿತು. ಮನುಷ್ಯರನ್ನು ನಂಬಿ ಕರೆಯುವ ಕ್ರಮವೇ ಇದು, ನನ್ನ ತಕರಾರಿಲ್ಲ. ಅಂಗನವಾಡಿಗೂ ಎರಡು ಕುರ್ಚಿ ಬಂದರೆ ಬಸುರಿ ಕೂತುಕೊಂಡು ಕಣ್ಣು ಮಿಟುಕಿಸುತ್ತಾಳೆ.

ತಮಾಷೆ ಇಲ್ಲಿಗೆ ಸಾಕು. 2016-17ರ ಆರ್ಥಿಕ ಸಮೀಕ್ಷೆ, ಸರ್ಕಾರದ್ದೇ ಪುಸ್ತಕ, ಜಾರ್ಖಂಡ್‌ನಲ್ಲಿ ಆಧಾರ್ ದೃಢೀಕರಣ ಶೇ 49ರಷ್ಟು ವಿಫಲ ಎಂಬ ಅಂದಾಜನ್ನು ಅಚ್ಚು ಹಾಕಿತ್ತು. ಅದೇ ಜಾರ್ಖಂಡ್‌ನ ಸಿಮ್ಡೇಗಾದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಿಸಿಲ್ಲವೆಂದು ಮನೆಯ ರೇಷನ್ ಕಾರ್ಡು ರದ್ದಾಗಿತ್ತು. ಹಸಿವಿನಿಂದ ಸತ್ತಳು ಎಂದರು ಮನೆಯವರು. ಮಲೇರಿಯಾ ಎಂದಿತು ಸರ್ಕಾರ. ತಿಂಗಳುಗಟ್ಟಲೆ ಅಕ್ಕಿ ಬಾರದ ಮನೆಯ ಮುಂದೆ ನಿಂತು ಕಾಯಿಲೆಯ ಹೆಸರಿಗೆ ಜಗಳವಾಡಲು ಇವರಿಗೆ ನಾಲಿಗೆ ಹೇಗೆ ಹೊರಳಿತೋ.

ತಂಬ್ ಬರಲಿಲ್ಲವೆಂದು ಯಾರನ್ನೂ ಬರಿಗೈಯಲ್ಲಿ ಕಳಿಸಬೇಡಿ, ಬೇರೆ ದಾರಿಯಲ್ಲಿ ಗುರುತಿಸಿ ಕೊಡಿ ಎಂದು ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐ ಅದೇ ವರ್ಷ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಪುಸ್ತಕದಲ್ಲಿ ಬರೆದುಕೊಂಡು ಕೊಟ್ಟರಾಯಿತು. ಆ ಪುಸ್ತಕ ತೆಗೆಯಿರಿ ಎಂದು ನಿಮ್ಮ ಅಂಗಡಿಯವನನ್ನು ಕೇಳಿ ನೋಡಿ. "ಸರ್ವರ್ ಇಲ್ಲ ಸಾರ್, ನಾಳೆ ಬನ್ನಿ" ಎನ್ನುತ್ತಾನೆ. ಬರೆದು ಕೊಟ್ಟರೆ ನಾಳೆ ಸ್ಟಾಕಿನ ಲೆಕ್ಕ ತನ್ನ ತಲೆಗೆ ಬರುತ್ತದೆಂದು ಅವನಿಗೆ ಗೊತ್ತು. ಕೊಡದೆ ಕಳಿಸಿದರೆ ಯಾರ ತಲೆಗೂ ಏನೂ ಬರುವುದಿಲ್ಲ ಎಂಬುದೂ ಗೊತ್ತು.