ಸೊನ್ನೆ ರೂಪಾಯಿಗೆ ಮೂರು ಕೊಟೇಶನ್

ನಮ್ಮೂರಿನ ಒಂದು ಕಚೇರಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಆರಿಸಲು ಸಮಿತಿ ಮಾಡಿದ ಸುದ್ದಿ ನಿಮಗೂ ಗೊತ್ತಿರುತ್ತದೆ. ಪಿ.ಬಿ. ರೋಡಿನ ಟೀ ಅಂಗಡಿಯಿಂದ ವಿದ್ಯಾನಗರದ ವಾಕಿಂಗ್ ಗುಂಪಿನವರೆಗೆ ದಾವಣಗೆರೆಯಲ್ಲಿ ಈಗ ಅದೇ ಮಾತು. ಹಾಗಾಗಿ ಕಚೇರಿಯ ಹೆಸರು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಫ್ಲೆಕ್ಸು, ಕರಪತ್ರ, ಫೋಟೊಗಳ ದಪ್ಪ ದಪ್ಪ ಫೈಲುಗಳನ್ನು ಸರ್ವರಿಗೆ ಹಾಕಬೇಕಿತ್ತು. ಅದಕ್ಕೆ ಒಂದು ಡೆಸ್ಕ್‌ಟಾಪಿಗೆ ಒಂದು ಎಫ್‌ಟಿಪಿ ಸಾಫ್ಟ್‌ವೇರ್ ಬೇಕಿತ್ತು. ಎಫ್‌ಟಿಪಿ ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಸಾಗಿಸುವ ಪದ್ಧತಿ. ಅದಕ್ಕೆ ಸಮಿತಿ ಆಯಿತು. ಸಮಿತಿ ನಿಯಮದ ಪ್ರಕಾರ ಮೂರು ಕೊಟೇಶನ್ ಕೇಳಿತು.

ಫೈಲ್‌ಜಿಲ್ಲಾ, 0-00. ವಿನ್‌ಎಸ್‌ಸಿಪಿ, 0-00. ಸೈಬರ್‌ಡಕ್, 0-00.

ಮೂರನ್ನೂ ಸಾಲಾಗಿ ಬರೆದು, ಸ್ಕೇಲ್ ಇಟ್ಟು ಗೆರೆ ಹೊಡೆದು, ಪಕ್ಕದಲ್ಲಿ ಜಿಎಸ್‌ಟಿ ಶೇ 18 ಅಂತ ಒಂದು ಕಾಲಂ ಮಾಡಿ ಅಲ್ಲೂ 0-00 ಬರೆದು, ಕೆಳಗೆ 'ಅಕ್ಷರದಲ್ಲಿ: ಸೊನ್ನೆ ರೂಪಾಯಿ ಮಾತ್ರ' ಅಂತ ತುಂಬಿ, ಎಲ್ಲರೂ ಹಸಿರು ಇಂಕಿನಲ್ಲಿ ಸಹಿ ಹಾಕಿದರಂತೆ. ಆಮೇಲೆ ತಲೆಬಿಸಿ ಶುರುವಾಯಿತು. ಕಡಿಮೆ ದರದವರಿಗೆ ಕೊಡಬೇಕು. ಕಡಿಮೆ ಯಾರದ್ದು?

ನನಗಂತೂ ಇವರ ಮೇಲೆ ಅಭಿಮಾನ ಉಕ್ಕಿತು. ಜನರ ಸೊನ್ನೆ ರೂಪಾಯಿಯನ್ನು ಇಷ್ಟು ಜೋಪಾನ ಮಾಡುವವರು ಎಲ್ಲಿ ಸಿಗುತ್ತಾರೆ ಹೇಳಿ? 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ನಮ್ಮದು. ಅವತ್ತಿಂದ ರಸ್ತೆ ಅಗೆದಿದ್ದಕ್ಕೂ ಮುಚ್ಚಿದ್ದಕ್ಕೂ ಮತ್ತೆ ಅಗೆದಿದ್ದಕ್ಕೂ ಇದೇ ಶ್ರದ್ಧೆ ತೋರಿಸಿದ್ದರೆ ನನ್ನ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಇನ್ನೂ ಬದುಕಿರುತ್ತಿತ್ತು. ಇರಲಿ. ಸಭೆಗೆ ಬಂದ ಬೆಣ್ಣೆ ದೋಸೆಗೂ, ಸಂಜೆಗೆ ಬಂದ ನರ್ಗೀಸ್ ಮಂಡಕ್ಕಿ ಮಿರ್ಚಿಗೂ ಮಾತ್ರ ಕೊಟೇಶನ್ ಕೇಳಲಿಲ್ಲ. ಅದು ತುರ್ತು ಖರೀದಿ.

ಸಮಿತಿಯಲ್ಲಿ ಮೂರು ಪಕ್ಷ. ಹಿರಿಯರೊಬ್ಬರು ಫೈಲ್‌ಜಿಲ್ಲಾ ಕಡೆ. ಅದು 2001ರಿಂದ ಇದೆ, ಎಲ್ಲರೂ ಬಳಸುತ್ತಾರೆ, ಎಡಗಡೆ ನಮ್ಮ ಕಂಪ್ಯೂಟರು, ಬಲಗಡೆ ಸರ್ವರು, ಎಳೆದು ಬಿಟ್ಟರೆ ಆಯಿತು. ಸರಿಯಾದ ಮಾತೇ. ಆದರೆ ವಿಂಡೋಸಿಗೆ ಅಂತ ಅದರ ಸೈಟಿಗೆ ಹೋಗಿ ದೊಡ್ಡ ಹಸಿರು ಬಟನ್ ಒತ್ತಿದರೆ ಬರುವ ಇನ್‌ಸ್ಟಾಲರು ಜೊತೆಗೆ ಬೇರೆ ಏನೇನೋ ಸಾಫ್ಟ್‌ವೇರನ್ನೂ ತಗೊಳ್ಳಿ ಅನ್ನುತ್ತದೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಕೇಳಿದರೆ ಸೋಪೂ ತಗೋಬೇಕು ಅನ್ನುತ್ತಾರಲ್ಲ, ಹಾಗೆ. ಅದು ಬೇಡದ ಇನ್‌ಸ್ಟಾಲರೂ ಅಲ್ಲೇ ಇದೆ, ಕೆಳಗೆ ಸಣ್ಣ ಅಕ್ಷರದ ಲಿಂಕಿನಲ್ಲಿ. ಸಣ್ಣ ಅಕ್ಷರ ಓದುವ ಅಭ್ಯಾಸ ಆ ಕಚೇರಿಗಿಲ್ಲ, ಬರೆಯುವ ಅಭ್ಯಾಸ ಮಾತ್ರ ಇದೆ.

ಎರಡನೆಯವರು ವಿನ್‌ಎಸ್‌ಸಿಪಿ. ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಅಚ್ಚುಕಟ್ಟು. ಮೂರನೆಯವರಿಗೆ ಸೈಬರ್‌ಡಕ್ಕೇ ಬೇಕು, ಕಾರಣ ಬಾತುಕೋಳಿ ಚಿತ್ರ ಚೆನ್ನಾಗಿದೆ.

ಸರ್ವರಿನ ಆ ತುದಿಯಲ್ಲಿ ಏನಿದೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅಲ್ಲಿರುವುದು ಹಳೇ ಎಫ್‌ಟಿಪಿ, ಪೋರ್ಟ್ 21. ಪೋರ್ಟ್ ಅಂದರೆ ಸರ್ವರಿನೊಳಗೆ ಹೋಗುವ ಬಾಗಿಲಿನ ನಂಬರು.

ಹಳೇದು ಅಂದರೆ ಎಷ್ಟು ಹಳೇದು ಗೊತ್ತಾ? ಎಫ್‌ಟಿಪಿಯನ್ನು ಮೊದಲು ಬರೆದದ್ದು ನಮ್ಮ ದೇಶದವರೇ, ಅಭಯ್ ಭೂಷಣ್. ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದವರು. 1971ರ ಏಪ್ರಿಲ್‌ನಲ್ಲಿ ಬರೆದರು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ನಾವು ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಅಷ್ಟರಲ್ಲಿ ಎಫ್‌ಟಿಪಿಗೆ 26 ವರ್ಷ. ಒಬ್ಬರನ್ನೊಬ್ಬರು ನಂಬುವ ಕೆಲವೇ ಕಂಪ್ಯೂಟರುಗಳಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಹೆಸರೂ ಪಾಸ್‌ವರ್ಡೂ ಯಾವ ಮುಚ್ಚುಮರೆಯೂ ಇಲ್ಲದೆ ತಂತಿಯಲ್ಲಿ ಹೋಗುತ್ತದೆ, ನಡುವೆ ಕೂತವರು ಓದಿಕೊಳ್ಳಬಹುದು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಇದರ ಸಹವಾಸವೇ ಬೇಡ ಅಂತ ಕೈಬಿಟ್ಟವು. ಎಸ್‌ಎಫ್‌ಟಿಪಿ ಅಂತ ಇದೆ, ಪೋರ್ಟ್ 22, ಎಲ್ಲವೂ ಗೂಢವಾಗಿ ಹೋಗುತ್ತದೆ. ಮೂರು ಸಾಫ್ಟ್‌ವೇರಿಗೂ ಅದು ಬರುತ್ತದೆ. ಸರ್ವರಿನಲ್ಲಿ ಅದನ್ನು ಆನ್ ಮಾಡಿಸಿದ್ದರೆ ಮೂರರಲ್ಲಿ ಯಾವುದನ್ನು ತಗೊಂಡರೂ ನಡೆಯುತ್ತಿತ್ತು. ಅದಕ್ಕೆ ಒಂದು ಪತ್ರ ಸಾಕು. ಪತ್ರ ಬರೆಯಲು ಸಮಿತಿಗೆ ಅಧಿಕಾರ ಇಲ್ಲವಂತೆ. ಆಯ್ಕೆ ಮಾಡಲು ಮಾತ್ರ ಇದೆ.

ಸುರಕ್ಷತೆಯ ಚರ್ಚೆ ಆಗಲಿಲ್ಲ ಅಂತಲ್ಲ. ಜೋರಾಗಿಯೇ ಆಯಿತು. ಫೈಲ್‌ಜಿಲ್ಲಾ ಉಳಿಸಿಕೊಂಡ ಪಾಸ್‌ವರ್ಡು ಮೊದಲೆಲ್ಲ ಯಾರು ಬೇಕಾದರೂ ಓದುವಂತೆ ಕಂಪ್ಯೂಟರಿನಲ್ಲಿ ಬಿದ್ದಿರುತ್ತಿತ್ತು, 2017ರಲ್ಲಷ್ಟೇ ಅವಕ್ಕೆಲ್ಲ ಬೀಗ ಹಾಕುವ ಮಾಸ್ಟರ್ ಪಾಸ್‌ವರ್ಡ್ ಬಂತು, ಅದನ್ನೂ ನಾವೇ ಹಾಕಿಕೊಳ್ಳಬೇಕು ಅಂತ ಒಬ್ಬರು ಮೇಜು ಗುದ್ದಿದರಂತೆ. ಅವರು ಗುದ್ದಿದ ಮೇಜಿನ ಮೇಲೆ ಮಾನಿಟರು. ಮಾನಿಟರಿನ ಮೂಲೆಯಲ್ಲಿ ಸೆಲ್ಲೋ ಟೇಪ್ ಹಚ್ಚಿದ ಚೀಟಿ. ಚೀಟಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್, ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ '@ ಮರೆಯಬೇಡಿ' ಅಂತ ಬರೆದಿದ್ದಾರೆ. ಅದರ ಫೋಟೊ ಮಂಡಿಪೇಟೆಯ ಅರ್ಧ ಪ್ರಿಂಟಿಂಗ್ ಅಂಗಡಿಗಳ ವಾಟ್ಸಾಪಿನಲ್ಲಿದೆ.

ಅಂಥ ಒಂದು ಅಂಗಡಿಯ ಡಿಟಿಪಿ ಹುಡುಗನ ಪಾಡು ಕೇಳಿ. ಫೈಲ್ ಹಾಕಲು ಹೋದ. ಲಾಗಿನ್ ಆಯಿತು, ಆಮೇಲೆ ಕೆಂಪಕ್ಷರ: ಫೇಲ್ಡ್ ಟು ರಿಟ್ರೀವ್ ಡೈರೆಕ್ಟರಿ ಲಿಸ್ಟಿಂಗ್. ಅಂದರೆ ಫೈಲುಗಳ ಪಟ್ಟಿ ಸಿಗಲಿಲ್ಲ ಅಂತ. ಎಫ್‌ಟಿಪಿಗೆ ಮಾತಿಗೊಂದು ದಾರಿ, ಫೈಲಿಗೆ ಇನ್ನೊಂದು ದಾರಿ ಬೇಕು. ಎರಡನೇದನ್ನು ಫೈರ್‌ವಾಲ್ ಅನ್ನುವ ಕಾವಲು ವ್ಯವಸ್ಥೆ ಮುಚ್ಚಿದರೆ ಹೀಗಾಗುತ್ತದೆ. ಆ ದಾರಿ ತೆರೆಯುವ ಆ್ಯಕ್ಟಿವ್, ಪ್ಯಾಸಿವ್ ಎರಡೂ ಮೋಡ್ ಬದಲಾಯಿಸಿ ನೋಡಿದ. ಊಹೂಂ. ಕಚೇರಿಗೆ ಹೋದ.

"ಪೆನ್‌ಡ್ರೈವಲ್ಲಿ ಹಾಕ್ಕೊಂಡ್ ಬಾರಪ್ಪ" ಅಂದರು.

ತಂದ.

"ಪೆನ್‌ಡ್ರೈವ್ ಹಾಕಂಗಿಲ್ಲ, ವೈರಸ್ ಬರುತ್ತೆ. ಸಿಡಿ ತಾ."

"ಸಾರ್, ಸಿಡಿ ಈಗ ಎಲ್ಲಿ ಸಿಗುತ್ತೆ?"

"ಅದ್ನ ನನ್ನ ಕೇಳ್ತೀಯಲ್ಲೋ."

ಹುಡುಕಿ ತಂದ. ಕಚೇರಿಯ ಕಂಪ್ಯೂಟರಿಗೆ ಸಿಡಿ ಡ್ರೈವೇ ಇಲ್ಲ. ಕೊನೆಗೆ ಯಾರದೋ ಮೇಲ್‌ಗೆ ಕಳಿಸಿದ. ಅಲ್ಲಿ ನುಡಿ ಫಾಂಟ್ ಇರಲಿಲ್ಲ, ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದ ಕಸವಾಗಿ ತೆರೆದುಕೊಂಡಿತು. 'ಸಾಫ್ಟ್ ಕಾಪಿ ಸ್ವೀಕೃತವಾಗಿಲ್ಲ' ಅಂತ ಷರಾ ಬಿತ್ತು. ಬಿಲ್ ನಿಂತಿತು.

ಇಲ್ಲಿ ನನಗೆ ನಗು ಬರುವುದಿಲ್ಲ. ಆ ಹುಡುಗ ರಾತ್ರಿಯೆಲ್ಲ ಕೂತು ಕೆಲಸ ಮಾಡಿದ್ದಾನೆ. ಫ್ಲೆಕ್ಸು ಪ್ರಿಂಟಾಗಿ, ಕಟ್ಟಿ, ಸಾಹೇಬರು ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡು, ಬಿಚ್ಚಿಯೂ ಆಗಿದೆ. ಯಾರದೋ ದನದ ಕೊಟ್ಟಿಗೆಗೆ ಮರೆಯಾಗಿಯೂ ಆಗಿದೆ. ದುಡ್ಡು ಮಾತ್ರ ಬಂದಿಲ್ಲ. ಸೊನ್ನೆ ರೂಪಾಯಿಯ ಲೆಕ್ಕಕ್ಕೆ ಸಭೆ ಮೇಲೆ ಸಭೆ ಮಾಡಲು ಪುರಸೊತ್ತಿದೆ, ದುಡಿದವನಿಗೆ ಕೊಡಬೇಕಾದ ದುಡ್ಡಿನ ಕಡತ ನೋಡಲು ಯಾರಿಗೂ ಇಲ್ಲ. ಸಾಕಾಗಿ ಹೋಗಿದೆ ಮಾರಾಯ್ರೆ.

ಈಚಿನ ವರ್ತಮಾನ ಹೇಳಿಬಿಡುತ್ತೇನೆ. ಚೀಟಿ ಎತ್ತಿ ವಿನ್‌ಎಸ್‌ಸಿಪಿಯನ್ನೇ ಆರಿಸಿದ್ದಾರೆ. ಒಳ್ಳೇ ಆಯ್ಕೆ, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಇನ್‌ಸ್ಟಾಲ್ ಮಾಡಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಇನ್‌ಸ್ಟಾಲೇ ಬೇಡದ ಪೋರ್ಟಬಲ್ ಆವೃತ್ತಿಯೂ ಇದೆ, ಆದರೆ ಕೊಟೇಶನ್‌ನಲ್ಲಿ ಅದನ್ನು ನಮೂದಿಸಿಲ್ಲ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದದ್ದು ಹೊರಗುತ್ತಿಗೆಯ ಆಪರೇಟರ್ ಒಬ್ಬಳಿಗೆ. ಬಾಕಿ ಸಂಬಳ ಕೊಡದೇ ಹೋದ ವರ್ಷ ಅವಳನ್ನು ಮನೆಗೆ ಕಳಿಸಿದ್ದರು. ಈಗ ದಿನಾ ಫೋನ್ ಮಾಡುತ್ತಿದ್ದಾರಂತೆ, ಅವಳು ಎತ್ತುತ್ತಿಲ್ಲವಂತೆ.

ಯಾಕೆ ಎತ್ತಬೇಕು?